ಖಾಲಿ ಹಾಳೆಯ ಮೇಲೆ ಅಜ್ಜಿಯ ಹೆಬ್ಬೆಟ್ಟು

ಈ ವಾರ ಒಂದೇ ಪತ್ರಕ್ಕೆ ಉತ್ತರ ಬರೆಯುತ್ತಿದ್ದೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಬರೆದವಳು ಉತ್ತರ ಕರ್ನಾಟಕದ ಹುಡುಗಿ. ಮೂರು ವರ್ಷದ ಎಲ್‌ಎಲ್‌ಬಿಯ ಕೊನೆಯ ಸೆಮಿಸ್ಟರ್‌ನಲ್ಲಿದ್ದಾಳೆ. ಏಳು ತಿಂಗಳಿಂದ ಕಾಲೇಜು ಮುಗಿಸಿಕೊಂಡು ಒಬ್ಬ ಹಿರಿಯ ವಕೀಲರ ಚೇಂಬರಿಗೆ ಹೋಗುತ್ತಾಳೆ. ಸನದು (ವಕೀಲಿಕೆಯ ನೋಂದಣಿ) ಆದ ಮೇಲೆ ಇಲ್ಲೇ ಜೂನಿಯರ್ ಆಗಿ ಇರು, ತಿಂಗಳಿಗೆ 3,000 ಕೊಡ್ತೀನಿ ಅಂದಿದ್ದಾರೆ ಸರ್. ಬೆಂಗಳೂರಿನ ಗೆಳತಿ ತನ್ನ ಕಂಪನಿಯ ಲೀಗಲ್ ವಿಭಾಗಕ್ಕೆ ಕರೆಯುತ್ತಿದ್ದಾಳೆ, ಅಲ್ಲಿ 25,000 ಸಂಬಳ. ಅಪ್ಪನಿಗೆ ಮಗಳು ಜಡ್ಜ್ ಆಗಬೇಕು. ಸನದಿನ ಖರ್ಚಿಗೂ ಅಪ್ಪನ ಮುಂದೆಯೇ ಕೈಚಾಚಬೇಕು. ಮೂರು ದಾರಿಯಲ್ಲಿ ಯಾವುದು ಹಿಡಿಯಲಿ ಅಂತ ಕೇಳಿದ್ದಾಳೆ.

ಎರಡು ಪುಟದ ಪತ್ರ. ಪೂರ್ತಿ ಸಂಬಳ, ಬಾಡಿಗೆ, ಅಪ್ಪನ ಆಸೆ, ಇವೇ ತುಂಬಿವೆ. ನಡುವೆ ಒಂದು ಕಡೆ ಹೀಗಿದೆ:

"ಹೋದ ವಾರ ಪಾಲಿನ ದಾವೆಯ ಒಬ್ಬ ಅಜ್ಜಿ ಬಂದಿದ್ದರು. ಸರ್ ಕೋರ್ಟಿಗೆ ಹೊರಡುವ ಗಡಿಬಿಡಿಯಲ್ಲಿದ್ದರು. ನಾಲ್ಕು ಖಾಲಿ ಹಾಳೆಗೆ ಹೆಬ್ಬೆಟ್ಟು ಹಾಕಿಸಿಕೋ, ಆಮೇಲೆ ಟೈಪ್ ಮಾಡಿಸೋಣ ಅಂದರು. ಹಾಕಿಸಿದೆ. ಸಾಕ್ಷಿ ಅಂತ ಪಕ್ಕದಲ್ಲಿ ನಾನೂ ಸಹಿ ಮಾಡಿದೆ. ಎಲ್ಲೆ ಒತ್ತಲಿ ಯವ್ವಾ ಅಂತ ಕೇಳಿ ಕೇಳಿ ಒತ್ತಿದರು. ಬೆರಳಿನ ಮಸಿ ಕೂದಲಿಗೆ ಒರೆಸಿಕೊಂಡು ಹೋದರು. ಇಂಥದ್ದೂ ಮಾಡಬೇಕಾಗುತ್ತದೆ, ಇರಲಿ."

ಇರಲಿ ಅಂದುಬಿಟ್ಟೆಯಲ್ಲ ತಂಗಿ, ನನಗೆ ಅಲ್ಲಿಂದ ಮುಂದೆ ಓದಲು ಆಗಲಿಲ್ಲ. ಸಂಬಳದ ಮಾತು ಆಮೇಲೆ ಆಡೋಣ. ಮೊದಲು ಈ ಹಾಳೆಗಳ ಮಾತು.

ನಿನಗೆ ಆವತ್ತೇ ಕಸಿವಿಸಿ ಆಗಿದೆ. ಇಲ್ಲದಿದ್ದರೆ ಅಜ್ಜಿ ಮಸಿಯನ್ನು ಎಲ್ಲಿ ಒರೆಸಿಕೊಂಡರು ಅನ್ನೋದು ಒಂದು ವಾರದ ಮೇಲೂ ನೆನಪಿರುತ್ತಿರಲಿಲ್ಲ. ಆ ಕಸಿವಿಸಿಯೇ ನಿನ್ನ ಹತ್ತಿರ ಈಗ ಇರುವ ದೊಡ್ಡ ಆಸ್ತಿ. ಅದನ್ನು "ಇರಲಿ" ಅಂತ ಒರೆಸಿ ಹಾಕಬೇಡ.

ಆ ನಾಲ್ಕು ಹಾಳೆ ಏನೇನಾಗಬಹುದು, ಸ್ವಲ್ಪ ಯೋಚನೆ ಮಾಡು. ಒಂದು ಪ್ರಮಾಣಪತ್ರ, ಅಂದರೆ ಅಫಿಡವಿಟ್, ಆಗಬಹುದು. ಒಂದು ಯಾವುದೋ ಮಧ್ಯಂತರ ಅರ್ಜಿಯ ಕೊನೆಯ ಪುಟ ಆಗಬಹುದು. ಸರ್ ಒಳ್ಳೆಯವರು ಅಂತಲೇ ಇಟ್ಟುಕೊಳ್ಳೋಣ. ಆದರೆ ಹಾಳೆ ಇರುವುದು ಬೀರುವಿನಲ್ಲಿ. ಬೀರುವಿನ ಕೀಲಿಗೆ ಹತ್ತು ಕೈ. ತವರಿನ ಹೊಲದಲ್ಲಿ ಪಾಲು ಕೇಳಿದ ಹೆಣ್ಣುಮಗಳ ಹೆಬ್ಬೆಟ್ಟಿಗೆ ನಮ್ಮ ಕಡೆ ಎಷ್ಟು ಬೆಲೆ ಇದೆ ಅಂತ ನಿನಗೆ ಬಿಡಿಸಿ ಹೇಳಬೇಕಾ? ಅದೇ ಹಾಳೆ ನಾಳೆ ರಾಜಿ ಅರ್ಜಿ ಆದರೆ? ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶ ತೆಗೆದು ನೋಡು. ರಾಜಿ ಬರವಣಿಗೆಯಲ್ಲಿ ಇರಬೇಕು, ಪಕ್ಷಗಾರರ ಸಹಿ ಇರಬೇಕು ಅನ್ನುತ್ತದೆ 3ನೇ ನಿಯಮ. ಅದರ ಮೇಲೆ ಡಿಕ್ರಿ ಆಗಿಬಿಟ್ಟರೆ, ಆ ರಾಜಿ ಕಾನೂನುಬದ್ಧ ಅಲ್ಲ ಅಂತ ಬೇರೆ ದಾವೆ ಹಾಕಲು 3ಎ ನಿಯಮ ಬಿಡುವುದಿಲ್ಲ. ಅಜ್ಜಿ ಅದೇ ಕೋರ್ಟಿಗೆ ಮರಳಿ ಹೋಗಿ, ನನಗೆ ಇದು ಗೊತ್ತೇ ಇರಲಿಲ್ಲ ಅಂತ ಹೇಳಿಕೊಳ್ಳಬೇಕು. ಆಗ ಹಾಳೆಯ ಮೇಲೆ ಸಾಕ್ಷಿ ಅಂತ ಸಹಿ ಇರುವವಳು ನೀನು.

ಅಷ್ಟು ದೂರ ಹೋಗದೇ ಇರಬಹುದು. ಬರೀ ಪ್ರಮಾಣಪತ್ರ ಆಯಿತು ಅಂತಲೇ ಇಟ್ಟುಕೋ. ಆಗಲೂ ಕಷ್ಟ ಅಜ್ಜಿಗೇ. ನಾನೇ ಕಣ್ಣಾರೆ ಕಂಡಿದ್ದೇನೆ.

ನಾನು ಜೂನಿಯರ್ ಆಗಿ ಎರಡನೇ ವರ್ಷ. ಒಂದು ತಾಲೂಕು ಕೋರ್ಟು. 2002ರ ತಿದ್ದುಪಡಿ ಆದ ಮೇಲೆ ಸಿವಿಲ್ ದಾವೆಗಳಲ್ಲಿ ಸಾಕ್ಷಿಯ ಮುಖ್ಯ ವಿಚಾರಣೆ, ಅಂದರೆ ತನ್ನ ಕಡೆಯಿಂದ ಹೇಳಬೇಕಾದ ಮಾತು, ಪ್ರಮಾಣಪತ್ರದಲ್ಲೇ ಆಗುತ್ತದೆ. ಕಟಕಟೆಗೆ ಹತ್ತಿದವರಿಗೆ ಸೀದಾ ಪಾಟೀಸವಾಲು. ನಮ್ಮ ಕಕ್ಷಿದಾರ ಎಪ್ಪತ್ತು ದಾಟಿದ ರೈತ. ಹೆಗಲ ಮೇಲಿನ ವಲ್ಲಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಎದುರು ವಕೀಲರು ಆರು ಪುಟದ ಇಂಗ್ಲಿಷ್ ಪ್ರಮಾಣಪತ್ರ ಎತ್ತಿ ತೋರಿಸಿ ಒಂದೇ ಪ್ರಶ್ನೆ ಕೇಳಿದರು: "ಇದರಾಗ ಏನು ಬರದೈತಿ ಹೇಳು." ಆತ ನನ್ನ ಕಡೆ ನೋಡಿದ. ನಾನು ಫೈಲಿನೊಳಗೆ ತಲೆ ಹುದುಗಿಸಿದೆ. "ನಮ್ಮ ವಕೀಲರಿಗೆ ಗೊತ್ತೈತ್ರಿ ಸಾಹೇಬ್ರ" ಅಂದ. ಯಾವಾಗ ಹೆಬ್ಬೆಟ್ಟು ಹಾಕಿದಿ? "ಮದ್ಲ ಹಾಕಿಸ್ಕೊಂಡಿದ್ರು." ಟೈಪಿಸ್ಟ್ ಆ ಮಾತನ್ನು ಬಡಿಯುತ್ತಿದ್ದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಲವತ್ತು ವರ್ಷ ಉಳುಮೆ ಮಾಡಿದ ಹೊಲದ ಬಗ್ಗೆ ಆತ ಹೇಳಬೇಕಾಗಿದ್ದ ನಿಜವೆಲ್ಲ ಆ ಎರಡು ಉತ್ತರದಲ್ಲಿ ಬಿದ್ದುಹೋಯಿತು. ಆ ಹೆಬ್ಬೆಟ್ಟು ಹಾಕಿಸಿಕೊಂಡವಳು ನಾನು.

ಅದಕ್ಕೇ ಈ ಅಂಕಣದಲ್ಲಿ ಪದೇ ಪದೇ ಒಂದು ಮಾತು ಬರೆಯುತ್ತೇನೆ. ಕಕ್ಷಿದಾರರ ಭಾಷೆಯಲ್ಲಿ ಓದಿ ಹೇಳದ ಕಾಗದಕ್ಕೆ ಅವರ ಗುರುತು ಹಾಕಿಸಬೇಡಿ. ನಮ್ಮ ಕೆಳ ಕೋರ್ಟುಗಳಲ್ಲಿ ಕನ್ನಡದಲ್ಲೇ ದಾವೆ ಹಾಕಬಹುದು, ಕನ್ನಡದಲ್ಲೇ ಪ್ರಮಾಣಪತ್ರ ಕೊಡಬಹುದು. ಆದರೂ ಹಳೇ ಇಂಗ್ಲಿಷ್ ನಮೂನೆ ತೆಗೆದು ಹೆಸರು ಬದಲಿಸುತ್ತೇವೆ. ಕೆಳಗೆ "ಕನ್ನಡದಲ್ಲಿ ಓದಿ ವಿವರಿಸಲಾಗಿದೆ" ಅಂತ ಒಂದು ಸಾಲು ಸೇರಿಸುತ್ತೇವೆ. ಓದಿರುವುದೇ ಇಲ್ಲ. ಇದು ಸಣ್ಣ ಸುಳ್ಳು ಅಂತ ನನಗೆ ಅನ್ನಿಸುವುದಿಲ್ಲ.

ಈಗ ನಿನ್ನ ಪತ್ರದ ಇನ್ನೊಬ್ಬರ ಬಗ್ಗೆ. ಈ ವಿಷಯವನ್ನು ಕಾಲೇಜಿನಲ್ಲಿ ಇಂಟರ್ನ್‌ಶಿಪ್ ನೋಡಿಕೊಳ್ಳುವ ಮೇಡಂ ಹತ್ತಿರ ಹೇಳಿದೆ, ಅವರು ನಕ್ಕು "ಅವೆಲ್ಲ ನಡೀತಾವೆ, ಸರ್ಟಿಫಿಕೇಟ್ ತಗೊಂಡು ಬಾ, ಡೈರಿ ನೀಟಾಗಿ ಬರಿ" ಅಂದರು ಅಂತ ಬರೆದಿದ್ದೀಯ. ನನಗೆ ನಿನ್ನ ಸರ್ ಮೇಲೆ ಬಂದ ಸಿಟ್ಟಿಗಿಂತ ಈ ಮೇಡಂ ಮೇಲೆ ಬಂದ ಸಿಟ್ಟು ಜಾಸ್ತಿ. ಬಾರ್ ಕೌನ್ಸಿಲ್ ನಿಯಮದಲ್ಲಿ ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್ ಇಟ್ಟಿರುವುದು ಯಾಕೆ? ವೃತ್ತಿ ನೀತಿ ಅಂತ ಒಂದು ಕಡ್ಡಾಯ ಪೇಪರ್ ಇಟ್ಟಿರುವುದು ಯಾಕೆ? ಒಬ್ಬ ವಿದ್ಯಾರ್ಥಿನಿ ಆ ಪೇಪರಿನ ಜೀವಂತ ಪ್ರಶ್ನೆಯನ್ನೇ ಕೈಯಲ್ಲಿ ಹಿಡಿದುಕೊಂಡು ಬಂದಳು. ಅವಳನ್ನು ಕೂರಿಸಿಕೊಂಡು ಹತ್ತು ನಿಮಿಷ ಮಾತಾಡಿದ್ದರೆ ಸಾಕಿತ್ತು. ನಕ್ಕು ಕಳಿಸಿದರು. ವಕೀಲರಿಗಾದರೂ ಮೂರು ಕೋರ್ಟ್ ಹಾಲ್ ಓಡಾಡುವ ಅವಸರ ಇತ್ತು ಅನ್ನಬಹುದು. ಮೇಡಂಗೆ ಏನು ಅವಸರ ಇತ್ತು?

ಹಾಗಂತ ಸರ್ ಮಾಡಿದ್ದು ಸರಿ ಅಂತಲ್ಲ. ತಪ್ಪೇ. ಆದರೆ ಅವರನ್ನು ಕೆಟ್ಟವರು ಅಂತ ನಾನು ಈಗಲೇ ತೀರ್ಮಾನ ಮಾಡುವುದಿಲ್ಲ. ತಮ್ಮ ಸೀನಿಯರ್ ಹತ್ತಿರ ಹೀಗೇ ಕಲಿತಿರುತ್ತಾರೆ. ಇಷ್ಟು ವರ್ಷದಲ್ಲಿ ಯಾರೂ ಅವರನ್ನು ತಡೆದಿರುವುದಿಲ್ಲ.

ಇನ್ನೊಂದು ಮಾತು. ಅಜ್ಜಿಯ ಊರು, ಹೊಲದ ಸರ್ವೇ ನಂಬರ್ ಎರಡನ್ನೂ ನನಗೆ ಬರೆದು ಕಳಿಸಿದ್ದೀಯ. ಇಲ್ಲಿ ತೆಗೆದುಹಾಕಿದ್ದೇನೆ. ನನಗೂ ಅದನ್ನು ಹೇಳಬಾರದಿತ್ತು. ಕಕ್ಷಿದಾರರ ಗುಟ್ಟು ಕಾಯುವ ಹೊಣೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ವಕೀಲರ ಜೊತೆಗೆ ಅವರ ಗುಮಾಸ್ತರು, ನೌಕರರನ್ನೂ ಅದು ಕಟ್ಟಿಹಾಕುತ್ತದೆ. ವಿದ್ಯಾರ್ಥಿ ಅಂತ ನೀನು ಅದರ ಆಚೆ ನಿಲ್ಲಬೇಡ. ಗೆಳತಿಯರ ವಾಟ್ಸ್‌ಆ್ಯಪ್ ಗ್ರೂಪಿನಲ್ಲೂ ಬೇಡ.

ಮೂರು ದಾರಿಯ ಲೆಕ್ಕ ಈಗ ಬೇಗ ಹೇಳಿಬಿಡುತ್ತೇನೆ. ಅಪ್ಪನ ಆಸೆಯೇ ನಿನ್ನ ಆಸೆಯೂ ಆಗಿದ್ದರೆ ಕಂಪನಿ ಕೆಲಸ ಅದಕ್ಕೆ ಅಡ್ಡ ಬರುತ್ತದೆ. 2025ರ ಮೇ 20ರಂದು ಸುಪ್ರೀಂ ಕೋರ್ಟು ಸಿವಿಲ್ ಜಡ್ಜ್ ಪರೀಕ್ಷೆಗೆ 3 ವರ್ಷದ ವಕಾಲತ್ತು ಬೇಕು ಅಂತ ಮತ್ತೆ ಹೇಳಿದೆ. ಆ 3 ವರ್ಷ ತಾತ್ಕಾಲಿಕ ಸನದಿನ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಪೂರ್ಣಾವಧಿ ಸಂಬಳದ ನೌಕರಿಗೆ ಸೇರಿದವರು ವಕಾಲತ್ತು ನಡೆಸುವ ಹಾಗಿಲ್ಲ ಅನ್ನುವುದು ಬಾರ್ ಕೌನ್ಸಿಲ್ ನಿಯಮ. ಕಂಪನಿ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ಮನೆಗೆ ಹಣ ಕಳಿಸಲೇಬೇಕಾದ ಹುಡುಗಿಗೆ ಅದು ಮರ್ಯಾದೆಯ ಅನ್ನ. ಆದರೆ ಎರಡೂ ಒಟ್ಟಿಗೆ ಆಗುವುದಿಲ್ಲ, ಅದನ್ನು ಅಪ್ಪನಿಗೆ ಕೂರಿಸಿಕೊಂಡು ಹೇಳು.

ಸನದಿನ ಶುಲ್ಕಕ್ಕೆ ಹೆದರಬೇಡ. ಸುಪ್ರೀಂ ಕೋರ್ಟಿನ 2024ರ ಜುಲೈ 30ರ ತೀರ್ಪಿನ ಪ್ರಕಾರ ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಂದ 125 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ.

3,000ದ ವಿಷಯಕ್ಕೆ ಬರೋಣ. ಜೂನಿಯರ್‌ಗಳಿಗೆ ನಗರದಲ್ಲಿ 20,000, ಗ್ರಾಮೀಣ ಕಡೆ 15,000 ಕೊಡಿ ಅಂತ ಬಾರ್ ಕೌನ್ಸಿಲ್ 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಕಡ್ಡಾಯ ಅಲ್ಲ, ಸಲಹೆ ಅಷ್ಟೇ. ಆದರೂ ಅದರ ಪ್ರತಿ ಇಟ್ಟುಕೊಂಡು ಕೇಳು. ಬಸ್ ಪಾಸಿಗೂ ಸಾಲದ ಹಣದಲ್ಲಿ ದುಡಿಸಿಕೊಳ್ಳುವುದನ್ನು ಗುರುಸೇವೆ ಅಂತ ಕರೆಯುವುದು ನನಗೆ ಯಾವತ್ತೂ ಒಪ್ಪಿಗೆ ಆಗಿಲ್ಲ. ಮಾತಾಡಲು ಬರುವ ಹುಡುಗಿ ತನ್ನ ಕೂಲಿಯನ್ನು ತಾನು ಕೇಳದಿದ್ದರೆ ನಾಳೆ ಕಕ್ಷಿದಾರರ ಪರವಾಗಿ ಏನು ಕೇಳುತ್ತಾಳೆ?

ಆದರೆ ಇವೆಲ್ಲಕ್ಕಿಂತ ಮುಂಚೆ ಒಂದು ಕೆಲಸ ಮಾಡು. ಒಂದೇ.

ಸೋಮವಾರ ಸಂಜೆ, ಕಕ್ಷಿದಾರರೆಲ್ಲ ಹೋದ ಮೇಲೆ, ಸರ್ ಒಬ್ಬರೇ ಇರುವಾಗ ಹೋಗು. ಗುಮಾಸ್ತರ ಮುಂದೆ ಬೇಡ, ಇದು ಅವರಿಗೆ ಅವಮಾನ ಮಾಡುವ ಮಾತಲ್ಲ. "ಸರ್, ಅಜ್ಜಿಯ ಆ ನಾಲ್ಕು ಹಾಳೆ ಕೊಡಿ. ಪ್ರಮಾಣಪತ್ರ ನಾನೇ ಕನ್ನಡದಲ್ಲಿ ತಯಾರು ಮಾಡ್ತೀನಿ. ನೀವು ತಿದ್ದಿ ಕೊಡಿ. ಅಜ್ಜಿಯನ್ನ ಕರೆಸಿ, ಓದಿ ಹೇಳಿ, ಹೊಸದಾಗಿ ಹೆಬ್ಬೆಟ್ಟು ಹಾಕಿಸ್ತೀನಿ" ಅಂತ ಹೇಳು. ಅಷ್ಟೇ ಹೇಳು. ನಿಯಮ, ಕಲಂ ಯಾವುದನ್ನೂ ಎತ್ತಬೇಡ.

ಅವರು ಒಂದು ಕ್ಷಣ ಸುಮ್ಮನಿದ್ದು, ಬೀರು ತೆಗೆದು ಕೊಟ್ಟರೆ, ಆ ಚೇಂಬರಿನಲ್ಲಿ ನೀನು ಇರಬಹುದು. ಹಣದ ಮಾತು ಆಮೇಲೆ ಕುಸ್ತಿ ಮಾಡಿಯಾದರೂ ಬಗೆಹರಿಸಿಕೋ. "ನನಗೇ ಕಲಿಸ್ತೀಯಾ" ಅಂದರೆ, ನಿನ್ನ ಸಹಿಯನ್ನಾದರೂ ಹೊಡೆದುಹಾಕಲು ಕೇಳು, ಆಮೇಲೆ ಹೊರಗೆ ಬಾ. ಬೇರೆ ಸೀನಿಯರ್ ಸಿಗುತ್ತಾರೆ. ಜಡ್ಜ್ ಪರೀಕ್ಷೆಗೆ ಬೇಕಾದ ಅನುಭವದ ಸರ್ಟಿಫಿಕೇಟನ್ನು 10 ವರ್ಷ ವಕಾಲತ್ತು ಮಾಡಿದ ಯಾವ ವಕೀಲರೂ ಕೊಡಬಹುದು, ನ್ಯಾಯಾಧೀಶರ ದೃಢೀಕರಣ ಇದ್ದರಾಯಿತು. ಇವರೊಬ್ಬರಿಗೇ ಕಟ್ಟುಬೀಳಬೇಕಿಲ್ಲ. ಅಜ್ಜಿಗೂ ದಾರಿ ಇದೆ. ವಕೀಲರನ್ನು ಬದಲಿಸುವ ಹಕ್ಕು ಅವರದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಆದಾಯ ಎಷ್ಟಿದ್ದರೂ ಹೆಣ್ಣುಮಕ್ಕಳಿಗೆ ಉಚಿತ ನೆರವು ಸಿಗುತ್ತದೆ. ತಾಲೂಕು ಕಾನೂನು ಸೇವೆಗಳ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಅದನ್ನು ಅವರಿಗೆ ತಿಳಿಸಿ ಬಾ.

ಹಾಳೆ ಕೈಗೆ ಬಂದರೆ, ಅಜ್ಜಿಯ ಕಣ್ಣೆದುರೇ ನಾಲ್ಕನ್ನೂ ಹರಿದು ಚೂರುಗಳನ್ನು ಅವರ ಕೈಗೇ ಕೊಡು. ಹೊಸದನ್ನು ಒಂದೊಂದೇ ಸಾಲು ಓದು. ಅವರು ನಡುವೆ "ಹಂಗಲ್ಲ ಯವ್ವಾ" ಅಂದ ಕಡೆ ನಿಲ್ಲಿಸಿ ತಿದ್ದು. ಅಲ್ಲೇ ಕೇಸಿನ ಜೀವ ಇರುತ್ತದೆ. ಹೋಗುವಾಗ ಇಂಕ್ ಪ್ಯಾಡ್ ಜೊತೆ ಒಂದು ಒದ್ದೆ ಬಟ್ಟೆಯನ್ನೂ ಒಯ್ಯಿ, ಬೆರಳು ಒರೆಸಲು.