ಸಂತೆಯಿಂದ ಹಸು ತರೋಕೆ ಡಾಕ್ಟರ್ ಸರ್ಟಿಫಿಕೇಟ್ ನಿಜವಾಗ್ಲೂ ಬೇಕಾ?

ಚಿಂತಾಮಣಿ ಕಡೆ ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು ನೋಡಿದೀನಿ, ಪಿಕಪ್‌ನಲ್ಲಿ ಮಂಡ್ಯಕ್ಕೆ ತರ್ಬೇಕು, ದಲ್ಲಾಳಿ ನೋಡಿದ್ರೆ "ಸರ್ಟಿಫಿಕೇಟ್ ಗಿರ್ಟಿಫಿಕೇಟ್ ಏನೂ ಬೇಡ, ರಾತ್ರಿ ಹೊತ್ತು ಹೊಡ್ಕೊಂಡು ಹೋಗಿ" ಅಂತಾನೆ, ಏನ್ ಮಾಡ್ಲಿ ಅಂತ ಕೇಳಿದೀರ. ಸರ್ಟಿಫಿಕೇಟ್ ಬೇಕೇ ಬೇಕು. ರಾತ್ರಿ ಕದ್ದು ತರೋ ಕೆಲಸವಂತೂ ದಯವಿಟ್ಟು ಮಾಡ್ಬೇಡಿ.

ನಾನೂ ಒಂದ್ಸಲ ಹಾಗೇ ತಂದಿದ್ದೆ. 2013, ನಮ್ಮ ಕಡೆಯೆಲ್ಲ ಕಾಲುಬಾಯಿ ಜ್ವರ ಹಬ್ಬಿದ್ದ ವರ್ಷ. ಸಂತೇಲಿ ಎರಡನೇ ಸೂಲಿನ ಹಸು, ಕೆಚ್ಚಲು ಚೆನ್ನಾಗಿತ್ತು, ಮೇವು ತಿಂತಿತ್ತು, ಪೇಪರ್ ಏನೂ ಕೇಳ್ದೆ ತಂದು ಸೀದಾ ನಮ್ಮ ಹಸುಗಳ ಪಕ್ಕದಲ್ಲೇ ಕಟ್ಟಿದ್ವಿ. ಐದನೇ ದಿನಕ್ಕೆ ಜೊಲ್ಲು ಸುರಿಯೋಕೆ ಶುರು, ನಾಲಿಗೆ ಮೇಲೆ ಗುಳ್ಳೆ, ಗೊರಸಿನ ಸಂದಿಲಿ ಹುಣ್ಣು. ವಾರದೊಳಗೆ ಮನೇಲಿದ್ದ ಮೂರಕ್ಕೂ ಬಂತು, ಒಂದು ಕರು ಬೆಳಗ್ಗೆ ಹಾಲು ಕುಡ್ದು ಮಧ್ಯಾಹ್ನ ಸತ್ತೋಯ್ತು. ಪಕ್ಕದ ಮನೆ ಅಜ್ಜಿಗೆ ಇದ್ದಿದ್ದೇ ಒಂದು ಹಸು, ಅವರ ಸಂಸಾರ ನಡೀತಿದ್ದಿದ್ದೇ ಡೇರಿಗೆ ಹಾಕೋ ಹಾಲಲ್ಲಿ, ಅದಕ್ಕೂ ನಮ್ಮಿಂದಾನೇ ಹಬ್ಬಿತು. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಅದಕ್ಕೇ ಇಷ್ಟುದ್ದ ಬರೀತಿದೀನಿ.

ಈಗ ಕಾನೂನಿಗೆ ಬರೋಣ. 1978ರ ಪ್ರಾಣಿ ಸಾಗಣೆ ನಿಯಮದ ಪ್ರಕಾರ, ಹಸು ಪ್ರಯಾಣ ಮಾಡೋ ಸ್ಥಿತೀಲಿದೆ, ಅಂಟುರೋಗ ಇಲ್ಲ ಅಂತ ಪಶುವೈದ್ಯರು ಬರ್ದುಕೊಟ್ಟ ಸರ್ಟಿಫಿಕೇಟ್ ಗಾಡೀಲಿ ಇರ್ಲೇಬೇಕು. ಒಂದು ಗಾಡೀಲಿ ಆರಕ್ಕಿಂತ ಜಾಸ್ತಿ ದನ ಹಾಕೋ ಹಾಗಿಲ್ಲ, ಬೇರೆ ಲೋಡ್ ಜೊತೇಲಿ ಹಾಕೋ ಹಾಗಿಲ್ಲ, ನೋಡ್ಕೊಳ್ಳೋಕೆ ಒಬ್ಬರು ಇರ್ಬೇಕು, ಕಾಲು ಜಾರದೇ ಇರೋ ಹಾಗೆ ಕೆಳಗೆ ನಾರಿನ ಚಾಪೆನೋ ಹಲಗೆನೋ ಹಾಕ್ಬೇಕು. ಆಮೇಲೆ 2016ರಿಂದ ಮೋಟಾರು ವಾಹನ ನಿಯಮದಲ್ಲಿ ಒಂದೊಂದು ಹಸುವಿಗೂ ಎರಡು ಚದರ ಮೀಟರ್ ಜಾಗ ಅಂತಾನೂ ಇದೆ, ಅಂದ್ರೆ ನಿಮ್ಮ ಪಿಕಪ್‌ಗೆ ಎರಡೇ ಲೆಕ್ಕ, ದಲ್ಲಾಳಿ ಮೂರನೇದು ತುರುಕೋಣ ಅಂದ್ರೆ ಒಪ್ಕೋಬೇಡಿ.

ಇನ್ನು ರಾಜ್ಯದ 2020ರ ಗೋಹತ್ಯೆ ನಿಷೇಧ ಕಾಯ್ದೆ. ವ್ಯವಸಾಯಕ್ಕೆ, ಹೈನುಗಾರಿಕೆಗೆ ಅಂತ ನಿಯಮದ ಪ್ರಕಾರ ಸಾಗಿಸೋಕೆ ಅಡ್ಡಿ ಇಲ್ಲ, ಆದ್ರೆ ಗೋಹತ್ಯೆ ಮಾಡಿದ್ರೆ 3ರಿಂದ 7 ವರ್ಷ ಜೈಲು, ಇಲ್ಲ ಒಂದೊಂದು ದನಕ್ಕೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ, ಇಲ್ಲ ಎರಡೂ; ಹತ್ಯೆಗೆ ಅಂತ ಸಾಗಿಸಿದ್ರೂ ಜೈಲು, ದಂಡ ಇದೆ. ಹಾಲಿಗೆ ಅಂತ ಹಸು ತಗೊಂಡೋರೂ ಪೇಪರ್ ಇಲ್ದೆ ಸಿಕ್ಕಾಕೊಂಡ್ರೆ ಅದನ್ನ ಪ್ರೂವ್ ಮಾಡೋಕೆ ಅಲೀಬೇಕಾಗುತ್ತೆ, ಅಷ್ಟರಲ್ಲಿ ಹಸು ಹಾಲೇ ಬತ್ತಿಸಿರುತ್ತೆ. ಸಣ್ಣ ರೈತರಿಗೆ ಇದು ತುಂಬಾ ಭಾರ ಅನ್ನೋದು ನನ್ನ ಅಭಿಪ್ರಾಯ. ಅದಕ್ಕೇ ಮಾರಿದೋರ ಸಹಿ ಇರೋ ಖರೀದಿ ಚೀಟಿ, ನಿಮ್ಮ ಪಹಣಿ, ಡೇರಿ ಪಾಸ್‌ಬುಕ್ ಎಲ್ಲಾ ಜೊತೇಲಿ ಇಟ್ಕೊಂಡು ಹಗಲಲ್ಲೇ ಬನ್ನಿ. ಈ ಕಾಯ್ದೆ ಕೆಳಗೆ ತಪಾಸಣೆ ಮಾಡೋ ಅಧಿಕಾರ ಸಬ್ ಇನ್ಸ್‌ಪೆಕ್ಟರ್ ಅಥವಾ ಅವರಿಗಿಂತ ಮೇಲಿನ ಪೊಲೀಸರಿಗೆ, ಇಲ್ಲ ಸರ್ಕಾರ ನೇಮಿಸಿದ ಅಧಿಕಾರಿಗೆ ಮಾತ್ರ. ಬೇರೆ ಯಾರಾದ್ರೂ ಗಾಡಿ ಅಡ್ಡ ಹಾಕಿದ್ರೆ ಜಗಳಕ್ಕೆ ಇಳೀಬೇಡಿ, 112ಕ್ಕೆ ಫೋನ್ ಮಾಡಿ.

ಆದ್ರೆ ಸರ್ಟಿಫಿಕೇಟ್ ಇದೆ ಅಂತ ನಿಶ್ಚಿಂತೆಯಾಗಿ ಇರೋ ಹಾಗಿಲ್ಲ, ನಿಮಗೆ ಮುಖ್ಯವಾಗಿ ಹೇಳ್ಬೇಕಾಗಿದ್ದೇ ಇದು. ಡಾಕ್ಟರ್ ನೋಡೋದು ಅವತ್ತು ಕಣ್ಣಿಗೆ ಕಾಣೋದನ್ನ. ಕಾಲುಬಾಯಿ ಜ್ವರ ಒಳಗೆ ಸೇರಿ ಎರಡರಿಂದ ಹದಿನಾಲ್ಕು ದಿನದಲ್ಲಿ ಹೊರಗೆ ಬೀಳುತ್ತೆ, 2022ರಲ್ಲಿ ಜೋರಾಗಿ ಹಬ್ಬಿದ ಚರ್ಮಗಂಟು ರೋಗಕ್ಕೆ ನಾಲ್ಕು ವಾರಾನೂ ಹಿಡೀಬಹುದು. ಆ ವರ್ಷ ಜಾನುವಾರು ಸಂತೆ, ಜಾತ್ರೆ, ಸಾಗಣೆ ಎಲ್ಲಾ ನಿಲ್ಲಿಸಿದ್ದು ಸುಮ್ನೆ ಅಲ್ಲ, ನೋಡೋಕೆ ಚೆನ್ನಾಗೇ ಇರೋ ಹಸು ಗಾಡಿ ಹತ್ತಿ ಬಂದ್ರೆ ರೋಗಾನೂ ಅದರ ಜೊತೆ ಊರಿಂದೂರಿಗೆ ಬರುತ್ತೆ.

ಹಂಗಾಗಿ ದುಡ್ಡು ಕೊಡೋಕೆ ಮುಂಚೆ ಕಿವೀಲಿರೋ ಹಳದಿ ಟ್ಯಾಗ್ ನೋಡಿ, ಹನ್ನೆರಡು ಅಂಕಿ ಇರುತ್ತೆ, ಪಶು ಆಸ್ಪತ್ರೇಲಿ ಆ ನಂಬರ್ ಹಾಕಿಸಿ ಕಾಲುಬಾಯಿ ಲಸಿಕೆ ಯಾವಾಗ ಹಾಕಿದಾರೆ ಕೇಳಿ. ಟ್ಯಾಗ್ ಕಿತ್ತಿದ್ರೆ, ಕಿವೀಲಿ ಬರೀ ತೂತು ಇದ್ರೆ, ಆ ಹಸು ಬೇಡ. ಗಬ್ಬದ ಹಸು ಆದ್ರೆ ಗಬ್ಬ ಹೋಗೋ ಹಾಗೆ ಮಾಡೋ ಕಂದು ರೋಗದ (ಬ್ರುಸೆಲ್ಲೋಸಿಸ್) ರಕ್ತ ಪರೀಕ್ಷೇನೂ ಮಾಡಿಸಿ, ಅದು ಮನುಷ್ಯರಿಗೂ ಬರುತ್ತೆ, ಹಾಲು ಕರೆಯೋರು ನಿಮ್ಮ ಮನೆಯೋರೇ ಅಲ್ವಾ.

ಮನೆಗೆ ಬಂದ ಮೇಲೆ ಕೊಟ್ಟಿಗೆಗೆ ಸೇರಿಸ್ಬೇಡಿ. ಕಡಿಮೆ ಅಂದ್ರೂ ನಾಲ್ಕು ವಾರ ದೂರದಲ್ಲಿ ಕಟ್ಟಿ, ನೀರಿನ ಬಕೆಟ್ ಬೇರೆ, ಹಾಲು ಕರೆಯೋದೂ ಕೊನೇಲಿ ಅದನ್ನೇ. ಜ್ವರ, ಜೊಲ್ಲು, ಗಂಟು ಏನು ಕಂಡ್ರೂ 1962ಕ್ಕೆ ಫೋನ್ ಮಾಡಿ, ಮತ್ತೆ ಅಕ್ಕಪಕ್ಕದೋರಿಗೆ ಅವತ್ತೇ ಹೇಳಿ, ಮುಚ್ಚಿಡ್ಬೇಡಿ.