ಚಾರ್ಟ್ ಓದಿದ ಮಾತ್ರಕ್ಕೆ ಕಣ್ಣು ಸರಿ ಇದೆ ಅಂತಲ್ಲ

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮನಿಗೆ 27 ವರ್ಷ. ಚಿಕ್ಕವನಿದ್ದಾಗಿನಿಂದ ಫಿಟ್ಸ್ ಇದೆ. ಬೇರೆ ಮಾತ್ರೆಗೆ ಹತೋಟಿಗೆ ಬರಲಿಲ್ಲ ಅಂತ 8 ವರ್ಷದ ಹಿಂದೆ ವಿಗಾಬ್ಯಾಟ್ರಿನ್ ಶುರು ಮಾಡಿದರು, ಜೊತೆಗೆ ಕಾರ್ಬಮಜೆಪಿನ್ ಇದೆ. ಈಗ ಫಿಟ್ಸ್ ವರ್ಷಕ್ಕೆ ಒಂದೋ ಎರಡೋ ಅಷ್ಟೆ. ಆದರೆ ಒಂದೂವರೆ ವರ್ಷದಿಂದ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾನೆ, ಪಕ್ಕದಲ್ಲಿಟ್ಟ ಲೋಟ ಬೀಳಿಸುತ್ತಾನೆ. ಹೋದ ತಿಂಗಳು ಪಿ.ಬಿ. ರಸ್ತೆ ದಾಟುವಾಗ ಬಲಗಡೆಯಿಂದ ಬಂದ ಆಟೊ ಕಾಣಲೇ ಇಲ್ಲ ಅಂದ. ಅಪ್ಪನ ಮಂಡಕ್ಕಿ ಅಂಗಡಿಯಲ್ಲಿ ಕೂರುತ್ತಾನೆ. ಅಪ್ಪ ‘ಗಮನ ಎಲ್ಲಿಟ್ಟಿರ್ತೀಯ’ ಅಂತ ದಿನಾ ಬೈತಾರೆ. ಕಣ್ಣು ತೋರಿಸಿದೆವು. ಚಾರ್ಟಿನ ಕೊನೇ ಸಾಲೂ ಓದಿದ, ಕಣ್ಣು ಚೆನ್ನಾಗಿದೆ ಅಂತ ಕಳಿಸಿದರು. ಮಾತ್ರೆಯಿಂದ ಹೀಗಾಗುತ್ತಾ? ನಿಲ್ಲಿಸಿಬಿಡಲಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಕೊನೇ ಪ್ರಶ್ನೆಗೆ ಉತ್ತರ ಹೇಳ್ತೀನಿ. ನಿಲ್ಲಿಸಬೇಡಿ. ಒಂದು ಹೊತ್ತೂ ತಪ್ಪಿಸಬೇಡಿ. ಫಿಟ್ಸ್ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ನಿಲ್ಲದೇ ಹೋಗಬಹುದು, ಅದು ಜೀವಕ್ಕೇ ಅಪಾಯ. ಆದರೆ ಈ ವಾರವೇ ನರರೋಗದ ಡಾಕ್ಟರ ಹತ್ತಿರ ಹೋಗಿ. ಮುಂದಿನ ತಿಂಗಳ ಚೆಕಪ್‌ವರೆಗೆ ಕಾಯಬೇಡಿ.

ಮಾತ್ರೆಯಿಂದ ಹೀಗಾಗುತ್ತಾ ಅಂದರೆ, ಆಗುತ್ತದೆ. ನೀವು ಬರೆದದ್ದನ್ನು ಓದಿದರೆ ನನಗೆ ಮೊದಲ ಅನುಮಾನ ವಿಗಾಬ್ಯಾಟ್ರಿನ್ ಮೇಲೇ. ಈ ಔಷಧಿ ಮೆದುಳಿನಲ್ಲಿ ಗಾಬಾ ಅನ್ನುವ ವಸ್ತುವನ್ನು ಹೆಚ್ಚಿಸಿ ಫಿಟ್ಸ್ ತಡೆಯುತ್ತದೆ. ಕಣ್ಣಿನ ಹಿಂದಿನ ರೆಟಿನಾ ಪರದೆಯಲ್ಲೂ ಅದೇ ಗಾಬಾ ಕೆಲಸ ಮಾಡುತ್ತದೆ, ಔಷಧಿ ಅಲ್ಲೂ ಸೇರಿಕೊಂಡು ಪರದೆಯ ಸೂಕ್ಷ್ಮ ಕೋಶಗಳಿಗೆ ಪೆಟ್ಟು ಕೊಡುತ್ತದೆ. ಇದು ಮೊದಲು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದದ್ದು 1997ರಲ್ಲಿ. ಅಮೆರಿಕದಲ್ಲಿ 2009ರಲ್ಲಿ ಒಪ್ಪಿಗೆ ಕೊಟ್ಟಾಗ, ದೃಷ್ಟಿ ಶಾಶ್ವತವಾಗಿ ಹೋಗಬಹುದು ಅನ್ನುವ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಯೇ ಕೊಟ್ಟರು. ತೆಗೆದುಕೊಂಡವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಅಥವಾ ಅದಕ್ಕೂ ಜಾಸ್ತಿ ಜನರಿಗೆ ಪಕ್ಕದ ನೋಟ ಕುಗ್ಗುತ್ತದೆ. ಎಷ್ಟು ದಿನ ತಗೊಂಡರು, ಒಟ್ಟು ಎಷ್ಟು ತಗೊಂಡರು, ಅಷ್ಟು ಅಪಾಯ ಹೆಚ್ಚು.

ಪಕ್ಕದ ನೋಟ ಅಂದೆನಲ್ಲ, ಇಡೀ ವಿಷಯ ಅಲ್ಲೇ ಇದೆ. ಚಿತ್ರದುರ್ಗದ ಕೋಟೆಗೆ ಹೋದಾಗ ಗೋಡೆಯ ಸಣ್ಣ ಕಿಂಡಿಗೆ ಕಣ್ಣಿಟ್ಟು ಹೊರಗೆ ನೋಡಿದ್ದೀರಾ? ಎದುರಿನ ಬಂಡೆ ಸ್ಪಷ್ಟ ಕಾಣುತ್ತದೆ, ಆದರೆ ಪಕ್ಕದಲ್ಲಿ ಯಾರು ನಿಂತಿದ್ದಾರೆ ಗೊತ್ತೇ ಆಗಲ್ಲ. ನಿಮ್ಮ ತಮ್ಮ ಲೋಕವನ್ನು ಹಾಗೆ ನೋಡುತ್ತಿರಬಹುದು. ಚಾರ್ಟ್ ಪರೀಕ್ಷೆ ಮಾಡುವುದು ನಟ್ಟನಡುವಿನ ನೋಟವನ್ನು ಮಾತ್ರ, ಅದು ಇಲ್ಲಿ ಕೊನೆಯವರೆಗೂ ಉಳಿದಿರುತ್ತದೆ. ಅದಕ್ಕೇ ಅವನು ಕೊನೇ ಸಾಲು ಓದಿದ. ಸ್ವಲ್ಪ ಸ್ವಲ್ಪವೇ ಕುಗ್ಗುವುದರಿಂದ ಮೊದಮೊದಲು ಅವನಿಗೂ ತಿಳಿದಿರಲ್ಲ.

ಹಾಗಾಗಿ ಕಣ್ಣಿನ ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಕೇಳಬೇಕಾದದ್ದು ‘ಫೀಲ್ಡ್ ಟೆಸ್ಟ್’. ಪೆರಿಮೆಟ್ರಿ ಅಂತಲೂ ಹೇಳುತ್ತಾರೆ. ಬೋಗುಣಿಯಂಥ ಮಿಷನ್ ಮುಂದೆ ಗದ್ದ ಊರಿ ಕೂರಿಸಿ, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕಿಯನ್ನೇ ನೋಡುತ್ತಿರು ಅನ್ನುತ್ತಾರೆ. ಅಲ್ಲಲ್ಲಿ ಸಣ್ಣ ಬೆಳಕು ಮಿನುಗುತ್ತದೆ, ಕಂಡಾಗ ಗುಂಡಿ ಒತ್ತಬೇಕು. ನೋವಿಲ್ಲ, ಸೂಜಿ ಇಲ್ಲ. ಮೊದಲ ಸಲ ತಪ್ಪಾಗುವುದು ಸಹಜ, ಇನ್ನೊಮ್ಮೆ ಮಾಡಿದರೆ ಬೇಸರ ಮಾಡ್ಕೋಬೇಡಿ. ಜೊತೆಗೆ ಓಸಿಟಿ ಸ್ಕ್ಯಾನ್ ಮಾಡಿದರೆ ರೆಟಿನಾದ ನರದ ಪದರ ತೆಳುವಾಗಿದೆಯಾ ಅನ್ನುವುದು ಕಾಣುತ್ತದೆ. ಮಾತ್ರೆಯ ಖಾಲಿ ಪಟ್ಟಿ, ಹಳೇ ಚೀಟಿಗಳು, ಯಾವ ವರ್ಷದಿಂದ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ, ಎಲ್ಲ ಒಯ್ಯಿರಿ. ಕಣ್ಣಿನ ಡಾಕ್ಟರಿಗೆ ಫಿಟ್ಸ್ ಮಾತ್ರೆಯ ಹೆಸರು ನೀವೇ ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯದೇ ಹೋಗಬಹುದು.

ಅಮೆರಿಕದ ಸೂಚನೆ ಪ್ರಕಾರ ಈ ಪರೀಕ್ಷೆಯನ್ನು ಔಷಧಿ ಶುರು ಮಾಡುವ ಹೊತ್ತಿಗೆ ಒಮ್ಮೆ, ಆಮೇಲೆ 3 ತಿಂಗಳಿಗೊಮ್ಮೆ ಮಾಡಬೇಕು. 8 ವರ್ಷದಲ್ಲಿ ನಿಮಗೆ ಯಾರೂ ಇದನ್ನು ಹೇಳಲಿಲ್ಲ ಅಂತ ಕಾಣುತ್ತದೆ. ಓದಿ ನನಗೆ ತುಂಬಾ ನೋವಾಯಿತು.

ಹೋದ ನೋಟ ವಾಪಸ್ ಬರುತ್ತಾ ಅಂತ ನೀವು ಕೇಳಿಲ್ಲ. ಕೇಳಲು ಭಯವಾಗಿರಬೇಕು. ಪೆಟ್ಟು ವಿಗಾಬ್ಯಾಟ್ರಿನ್‌ದೇ ಆಗಿದ್ದರೆ ಹೋದದ್ದು ಬರಲ್ಲ. ಕನ್ನಡಕ, ಡ್ರಾಪ್ಸ್, ಆಪರೇಷನ್ ಯಾವುದೂ ಅದನ್ನು ತರಲ್ಲ, ತರಿಸ್ತೀವಿ ಅನ್ನುವವರಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಆದರೆ ಡಾಕ್ಟರ ಉಸ್ತುವಾರಿಯಲ್ಲಿ ಔಷಧಿಯನ್ನು ನಿಧಾನವಾಗಿ ಇಳಿಸಿ ಬೇರೆಯದಕ್ಕೆ ಬದಲಿಸಿದರೆ ಹೆಚ್ಚಿನವರಲ್ಲಿ ಕುಗ್ಗುವುದು ಅಲ್ಲಿಗೇ ನಿಲ್ಲುತ್ತದೆ. ಉಳಿದದ್ದನ್ನು ಉಳಿಸಿಕೊಳ್ಳೋಣ ಅಂತಲೇ ನಾನು ಇಷ್ಟು ಅವಸರ ಮಾಡುತ್ತಿರುವುದು. ಬದಲಿಸಬೇಕಾ, ಯಾವುದಕ್ಕೆ ಅನ್ನುವುದನ್ನು ನರರೋಗದ ಡಾಕ್ಟರೇ ತೀರ್ಮಾನಿಸಲಿ, ಫಿಟ್ಸ್ ಮತ್ತೆ ಜೋರಾಗುವ ಅಪಾಯವನ್ನೂ ಅವರು ತೂಗಿ ನೋಡಬೇಕಲ್ವಾ.

ಇದನ್ನು ಓದಿ ಫಿಟ್ಸ್ ಇರುವ ಬೇರೆಯವರು ಹೆದರಬೇಡಿ. ಕಾರ್ಬಮಜೆಪಿನ್, ಫೆನಿಟಾಯಿನ್ ಡೋಸ್ ಹೆಚ್ಚಾದಾಗ ಒಂದು ಎರಡಾಗಿ ಕಾಣುವುದು, ಮಂಜಾಗುವುದು ಉಂಟು, ಡೋಸ್ ಸರಿಮಾಡಿದರೆ ಸಾಮಾನ್ಯವಾಗಿ ಹೋಗುತ್ತದೆ. ಟೋಪಿರಾಮೇಟ್ ಶುರು ಮಾಡಿದ ಮೊದಲ ತಿಂಗಳಲ್ಲಿ ಕಣ್ಣು ನೋವು, ಕೆಂಪು, ದೂರದ್ದು ಮಸುಕು ಅಂದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಓಡಿ, ಕಣ್ಣಿನ ಒತ್ತಡ ಏರಿರಬಹುದು.

ನಿಮ್ಮ ತಮ್ಮ ಬೈಕ್ ಓಡಿಸುವುದು ಬೇಡವೇ ಬೇಡ. ರಸ್ತೆ ದಾಟುವಾಗ ಕಣ್ಣಷ್ಟೇ ಅಲ್ಲ, ತಲೆಯನ್ನೇ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡುವುದನ್ನು ರೂಢಿ ಮಾಡಿಸಿ. ಅಂಗಡಿಯಲ್ಲಿ ತಕ್ಕಡಿ, ಗಲ್ಲಾಪೆಟ್ಟಿಗೆ ಅವನ ಎದುರಿಗೇ ಇರಲಿ. ಇನ್ನೊಂದು ವಿಷಯ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನೋಟದ ಅಗಲವೂ ಲೆಕ್ಕಕ್ಕೆ ಬರುತ್ತದೆ. ಅದು 40 ಡಿಗ್ರಿಗಿಂತ ಕಡಿಮೆಯಾಗಿದ್ದರೆ, ಚಾರ್ಟ್ ಓದಿದರೂ, ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ.

ಫೀಲ್ಡ್ ಟೆಸ್ಟಿಗೆ ನಿಮ್ಮ ಅಪ್ಪನನ್ನೂ ಕರೆದುಕೊಂಡು ಹೋಗಿ. ನೋಟ ಇಲ್ಲದ ಜಾಗ ರಿಪೋರ್ಟಿನಲ್ಲಿ ಕಪ್ಪಗೆ ಅಚ್ಚಾಗಿ ಬರುತ್ತದೆ. ಆ ಹಾಳೆಯನ್ನು ಡಾಕ್ಟರು ಅವರ ಕೈಗೇ ಕೊಟ್ಟು ತೋರಿಸಲಿ.