ಹನ್ನೊಂದೇ ಮಕ್ಕಳಿರುವ ಊರ ಶಾಲೆಗೆ ಮಗಳನ್ನು ಸೇರಿಸಬಹುದೇ?

ಬೆಂಗಳೂರಿನಿಂದ ಶಿರಸಿ ಸಮೀಪದ ಹಳ್ಳಿಗೆ ಮರಳುತ್ತಿರುವ ತಾವು, ಅಲ್ಲಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಹನ್ನೊಂದೇ ಮಕ್ಕಳಿರುವುದು ಪಾಠ ಚೆನ್ನಾಗಿಲ್ಲದ ಕಾರಣಕ್ಕೋ ಎಂದು ಕೇಳಿದ್ದೀರಿ. ಇದೇ ತಾಲೂಕಿನ ಅಂಥದ್ದೇ ಒಂದು ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಮೂರು ವರ್ಷ ಇದ್ದವನು ನಾನು. ನಾನು ಕಂಡಂತೆ ದಾಖಲಾತಿ ಇಳಿಯಲು ಪಾಠಕ್ಕಿಂತ ಮೊದಲು ಊರೇ ಕಾರಣ. ಅಡಿಕೆ ತೋಟದ ಅಂಚಿಗೆ ಒಂದೊಂದು ಮನೆ. ಎಳೆಯರು ಪಟ್ಟಣ ಸೇರಿದ್ದಾರೆ. ಉಳಿದವರ ಒಂದೋ ಎರಡೋ ಮಕ್ಕಳನ್ನು ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನು ಮನೆಯ ದಣಪೆಯವರೆಗೆ (ಬೇಲಿಯ ಬಾಗಿಲವರೆಗೆ) ಬಂದು ಕರೆದೊಯ್ಯುತ್ತದೆ. ಸರ್ಕಾರಿ ಶಾಲೆಯ ಮಗುವೋ, ಆಷಾಢದ ಮಳೆಯಲ್ಲೂ ಕಾಲುಸಂಕ ದಾಟಿ ನಡೆದೇ ಬರಬೇಕು.

ತಾವು ವಿಚಾರಿಸಬೇಕಾದದ್ದು ಶಿಕ್ಷಕರ ಸಂಖ್ಯೆಯನ್ನು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಒಂದರಿಂದ ಐದನೇ ತರಗತಿಯವರೆಗಿನ ಶಾಲೆಯಲ್ಲಿ ಮಕ್ಕಳು 60ರ ಒಳಗಿದ್ದರೂ ಇಬ್ಬರು ಶಿಕ್ಷಕರಿರಬೇಕು. ನಮ್ಮಲ್ಲಿ ಒಬ್ಬರು ವರ್ಗವಾದ ಮೇಲೆ ಆ ಜಾಗ ಎರಡು ವರ್ಷ ಖಾಲಿಯೇ ಇತ್ತು. ಒಮ್ಮೆ ಬೆಳಿಗ್ಗೆ ಹನ್ನೊಂದಕ್ಕೆ ಹೋದಾಗ ಉಳಿದೊಬ್ಬ ಶಿಕ್ಷಕಿ, ನಮ್ಮ ಕಡೆಯ ಮಾತಲ್ಲಿ ಅಕ್ಕೋರು, ಕ್ಷೀರಭಾಗ್ಯದ ಹಾಲಿನ ಪುಡಿಯ ಲೆಕ್ಕವನ್ನು ವಹಿಗೆ ಏರಿಸುತ್ತಿದ್ದರು. ಪಕ್ಕದ ಕೋಣೆಯಲ್ಲಿ, ನಲಿಕಲಿ ಎಂಬ ಚಟುವಟಿಕೆ ಪದ್ಧತಿಯ ತನ್ನ ಕಾರ್ಡು ಮುಗಿಸಿದ ಮೂರನೇ ತರಗತಿಯ ಹುಡುಗಿಯೊಬ್ಬಳು ಒಂದನೆಯವನ ಕೈ ಹಿಡಿದು ‘ರ, ಗ, ಸ, ದ’ ತಿದ್ದಿಸುತ್ತಿದ್ದಳು. ನಲಿಕಲಿಯಲ್ಲಿ ಮೊದಲ ಮೂರು ತರಗತಿಗಳು ಒಟ್ಟಿಗೇ ಕೂಡುವುದರಿಂದ ಅಲ್ಲಿಯವರೆಗೆ ಮಕ್ಕಳು ಕಡಿಮೆಯಿದ್ದರೆ ಒಳ್ಳೆಯದೇ. ತೊಡಕು ಶುರುವಾಗುವುದು ನಾಲ್ಕು ಮತ್ತು ಐದರಲ್ಲಿ, ಪ್ರತಿ ವಿಷಯಕ್ಕೂ ಬೇರೆ ಪುಸ್ತಕ ಬಂದಾಗ. ನನ್ನ ಮಗ ಆರನೇ ತರಗತಿಗೆ ಹೋದದ್ದು ದೊಡ್ಡ ಭಾಗಾಕಾರ ಬಾರದೆಯೇ, ಮತ್ತು ಅದಕ್ಕೆ ಅಕ್ಕೋರನ್ನು ದೂರಲು ನನಗೆ ಮನಸ್ಸು ಬರಲಿಲ್ಲ.

ಶಿರಸಿ ಶೈಕ್ಷಣಿಕ ಜಿಲ್ಲೆಯ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನೂ ತಾವು ಪ್ರಸ್ತಾಪಿಸಿದ್ದೀರಿ. ಅದು ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾಗಳನ್ನೂ ಸೇರಿಸಿಕೊಂಡ ಹೈಸ್ಕೂಲುಗಳ ಲೆಕ್ಕ. ತಮ್ಮೂರಿನ ಐದು ತರಗತಿಗಳ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ. ಅದರ ಬದಲು ಒಂದು ಬೆಳಿಗ್ಗೆ ಶಾಲೆಗೆ ಹೋಗಿ, ಅಕ್ಕೋರ ಅನುಮತಿ ಕೇಳಿ, ಐದನೇ ತರಗತಿಯ ಮಗುವಿನಿಂದ ಒಂದು ಪುಟ ಓದಿಸಿ, ಒಂದು ಭಾಗಾಕಾರ ಮಾಡಿಸಿ ನೋಡಿ. ಇಬ್ಬರು ಶಿಕ್ಷಕರಿದ್ದರೆ ಹಿಂಜರಿಯದೆ ಸೇರಿಸಿ. ಒಬ್ಬರೇ ಇದ್ದರೆ ಮೂರನೇ ತರಗತಿಯವರೆಗೆ ಅಲ್ಲೇ ಓದಲಿ. ಆಮೇಲೆ ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಲೆಕ್ಕಕ್ಕೆ ತಾವೇ ಕೂರಬೇಕಾದೀತು.